ಊರಿಗೆ ಹೋಗಿದ್ದಾಳೆ ಎಂಬ ಮಾತು

ಹುಣಸೂರು
ತಾರಣ ಸಂವತ್ಸರ, ಮಾಘ ಮಾಸ, ಬುಧವಾರ
೨೪–೧–೧೯೪೫

ಚಿರಂಜೀವಿ ಸೌಭಾಗ್ಯವತಿ ನಂಜಮ್ಮಣ್ಣಿಗೆ, ಮಾವ ಸಿದ್ದಮಲ್ಲಪ್ಪ ಮನಸಾರೆ ಹರಸಿ ಬರೆಯುವುದು.

ಮಗು, ಹೇಗಿದ್ದೀಯೆ? ಸಂಜೆಯ ಜ್ವರ ಪೂರ್ತಿ ಬಿಟ್ಟಿತೆಂದೂ, ತೂಕ ನಾಲ್ಕು ಪೌಂಡು ಏರಿತೆಂದೂ, ವರಾಂಡದಲ್ಲಿ ಓಡಾಡಲು ಡಾಕ್ಟರು ಅಪ್ಪಣೆ ಕೊಟ್ಟರೆಂದೂ ಗುರುಮಲ್ಲ ಬರೆದಿದ್ದ. ಆ ಕಾಗದವನ್ನು ನಿನ್ನ ದೊಡ್ಡತ್ತೆಗೆ ಮೂರು ಸಲ ಓದಿ ಹೇಳಿದೆ. ನಾಲ್ಕನೆಯ ಸಲ ನನ್ನ ಅಕ್ಕನೇ ಅದನ್ನು ಕೈಗೆ ತೆಗೆದುಕೊಂಡು, ಅಕ್ಷರ ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಕಣ್ಣಿಗೊತ್ತಿಕೊಂಡಳು. ಆಸ್ಪತ್ರೆಯಲ್ಲಿ ಕೊಡುವ ಮೊಟ್ಟೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನೀನು ಅವನ ಹತ್ತಿರ ಹೇಳಿದೆಯಂತೆ. ಔಷಧಿ ಎಂದುಕೊಂಡು ನುಂಗಿಬಿಡು ತಾಯಿ. ಶಿವನಿಗೆ ನಾನು ಹೇಳಿಕೊಂಡಿದ್ದೇನೆ. ನಿನ್ನ ದೊಡ್ಡತ್ತೆಗೆ ಮಾತ್ರ ಹೇಳಿಲ್ಲ. ಇಲ್ಲಿ ಹಸು ಕರು ಹಾಕಿದೆ, ಹೆಣ್ಣುಗರು. ನಿನ್ನ ಕೈಯ ಎಳ್ಳುಬೆಲ್ಲವಿಲ್ಲದ ಸಂಕ್ರಾಂತಿ ಹೇಗೋ ಕಳೆಯಿತು.

ಮನೆಯ ಸಮಾಚಾರವನ್ನು ನಿನಗೆ ಬರೆಯುತ್ತಿದ್ದವನು ನಿನ್ನ ಗಂಡ ಗುರುಮಲ್ಲ. ಅವನೋ ಹೆಗ್ಗಡದೇವನಕೋಟೆಯ ಕಾಡಿನಲ್ಲಿ, ಯುದ್ಧಕ್ಕೆ ಬೇಕೆಂದು ಹಗಲೆಲ್ಲ ಮರ ಕಡಿಸುವ ಕೆಲಸದಲ್ಲಿದ್ದಾನೆ; ತಿಂಗಳಿಗೊಮ್ಮೆ ಬಂದರೆ ಹೆಚ್ಚು. ನಾನು ಹೇಳಿದ್ದನ್ನೇ ನಂಬಿ ನಿನಗೆ ಬರೆಯುತ್ತಿದ್ದ. ಕಳೆದ ಸಲ ನೀನು ಅವನನ್ನು ಒಂದೇ ಒಂದು ಮಾತು ಕೇಳಿದೆಯಂತೆ, ಮಗಳು ಮಂಗಳಿ ನನ್ನನ್ನು ನೆನೆಸಿಕೊಳ್ಳುತ್ತಾಳೆಯೇ ಎಂದು. ‘ಇಲ್ಲ, ಒಂದು ದಿನವೂ ಕೇಳಿಲ್ಲ, ಆಡಿಕೊಂಡು ಸುಖವಾಗಿದ್ದಾಳೆ, ಆ ಚಿಂತೆ ಬಿಡು’ ಎಂದು ಉತ್ತರ ಬರೆಸಿದವನು ನಾನು. ನಿನಗೆ ಧೈರ್ಯವಾಗಲಿ ಎಂದೇ ಬರೆಸಿದೆ. ಆ ರಾತ್ರಿ ನೀನು ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ಮಗು ಕೇಳಿರಲಿಲ್ಲ ಎಂಬುದು ನಿಜ. ಯಾಕೆ ಕೇಳಿರಲಿಲ್ಲ ಎಂಬುದು ನಮಗೆ ಗೊತ್ತಾಗಿ ಇನ್ನೂ ಒಂದು ವಾರ. ಅದನ್ನು ನನ್ನ ಕೈಯಲ್ಲೇ ಬರೆಯಬೇಕೆಂದು ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಮಂಗಳಿ ಈಗ ಚೆನ್ನಾಗಿದ್ದಾಳೆ. ಆ ಧೈರ್ಯ ಇಟ್ಟುಕೊಂಡು ಮುಂದಕ್ಕೆ ಓದು.

ಹೊರಡುವ ಮುಂಚೆ ನೀನು, ಮಹಿಳಾ ಸಮಾಜದವರು ಹೊಸದಾಗಿ ತೆರೆದ ಶಿಶುವಿಹಾರಕ್ಕೆ ಮಗುವನ್ನು ಕಳಿಸಿ ಎಂದು ಅಕ್ಕನ ಹತ್ತಿರ ಹೇಳಿ ಹೋಗಿದ್ದೆ. ನನಗೆ ಅದು ಸುತರಾಂ ಇಷ್ಟವಿರಲಿಲ್ಲ. ಆಡುವುದಕ್ಕೆ ನಮ್ಮ ಅಂಗಳವೇ ಸಾಕಲ್ಲ, ಅದಕ್ಕೊಂದು ಶಾಲೆ ಯಾಕೆ ಎಂದೆ. ಅಕ್ಕನ ಮಂಡಿನೋವಿಗೆ ಮಗುವಿನ ಹಿಂದೆ ಓಡಲಾಗದು ಎಂದು ದಸರೆಯ ಮೇಲೆ ಒಪ್ಪಿಕೊಂಡೆ. ಬೆಳಿಗ್ಗೆ ಆಯಾ ಜಾನ್ ಬೀ ಬೀದಿಬೀದಿ ಸುತ್ತಿ, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದಂತೆ ಮಕ್ಕಳ ಸಾಲು ಕಟ್ಟಿಕೊಂಡು ಬರುತ್ತಾಳೆ. ನಮ್ಮವಳೂ ಕೊನೆಯಲ್ಲಿ ಸೇರಿಕೊಂಡು ಹೋಗುತ್ತಾಳೆ. ಸಂಜೆ ಬಂದೊಡನೆ ನಾನು, ‘ಏನು ಕಲಿತೆ?’ ಎಂದು ಕೇಳುವುದು. ಅವಳು, ‘ಆಡ್ದೆ’ ಎನ್ನುವುದು. ದಿನವೂ ಇದೇ. ಮೂರು ತಿಂಗಳಾದರೂ ಅ ಆ ಬರೆಯಲು ಬಾರದು. ಮರಳಿನ ತಟ್ಟೆ ಮುಂದಿಟ್ಟು ಬೆರಳು ಹಿಡಿದು ತಿದ್ದಿಸಲು ಹೋದರೆ, ಆ ಮರಳಲ್ಲಿ ಗುಳಿ ತೋಡುತ್ತಾ ಕೂರುತ್ತಿದ್ದಳು. ಅದನ್ನೂ ನಾನು ತುಂಟತನ ಎಂದುಕೊಂಡೆ.

ಇನ್ನೂ ಎರಡು ಸಂಗತಿಗಳಿದ್ದವು, ಅವುಗಳನ್ನೂ ಹಟ ಎಂದುಕೊಂಡೆವು. ಒಂದು, ಗುರುಮಲ್ಲ ಕಾಡಿಗೆ ಹೊರಡುವಾಗ, ‘ಊರ್ಗೋಗಿ ಬತ್ತೀನಿ ಕಣವ್ವ’ ಎಂದರೆ ಸಾಕು, ಅವನ ಕಾಲಿಗೆ ಕಚ್ಚಿಕೊಂಡು ಕಿರಿಚುತ್ತಿದ್ದಳು. ಇನ್ನೊಂದು, ಸಂಕ್ರಾಂತಿಯ ದಿನ. ರಾಸುಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಲಿ ಎಂದು ನಮ್ಮೂರು ಗಾವಡಗೆರೆಗೆ ಕರೆದುಕೊಂಡು ಹೋಗಲು ಕಮಾನುಗಾಡಿ ಹೂಡಿಸಿದೆ. ‘ಊರಿಗೆ ಹೋಗೋಣ ಬಾ’ ಎಂದೆ. ಆ ಮಗು ಬಾಗಿಲ ಕಂಬವನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದು, ‘ನಾ ಊರ್ಗೆ ಬರಾಕಿಲ್ಲ, ನಾ ಊರ್ಗೆ ಬರಾಕಿಲ್ಲ’ ಎಂದು ಉಸಿರು ಕಟ್ಟುವಂತೆ ಅತ್ತಿತು. ನಾನು ಬೆನ್ನಿಗೆ ಒಂದು ಪೆಟ್ಟು ಕೊಟ್ಟೆ. ಇದನ್ನು ಮುಚ್ಚಿಟ್ಟರೆ ಈ ಕಾಗದ ಬರೆದು ಪ್ರಯೋಜನವಿಲ್ಲ. ಕೊಟ್ಟೆ.

ಮಾರನೆಯ ದಿನ ಅಕ್ಕ ನಲ್ಲಿಯ ಹತ್ತಿರದಿಂದ ಅರ್ಧ ಕೊಡ ನೀರಿನೊಂದಿಗೇ, ಮಂಡಿನೋವನ್ನೂ ಮರೆತು ಓಡಿ ಬಂದಳು. ಪಕ್ಕದ ಬೀದಿಯ ಯಾರೋ ಹೇಳಿದರಂತೆ, ನಿಮ್ಮ ಮೊಮ್ಮಗಳು ಶಿಶುವಿಹಾರದಲ್ಲಿ ದಿನಾ ಗುಂಡಿ ತೋಡಿ ಬೊಂಬೆಯನ್ನು ಹೂಳುತ್ತಾಳೆ, ಅದನ್ನು ‘ಅವ್ವ’ ಎಂದು ಕರೆಯುತ್ತಾಳೆ ಎಂದು. ‘ಬದುಕಿರೋ ತಾಯಿಗೆ ಗುಂಡಿ ತೋಡ್ತಾವ್ಳಲ್ಲೋ ಸಿದ್ದ! ಇದ್ಯಾವ ಇಸ್ಕೂಲು? ನಾಳಿಂದ ಬುಡುಸ್ಬುಡು’ ಎಂದು ಎದೆ ಬಡಿದುಕೊಂಡಳು. ನನಗೂ ಮೈ ಉರಿದುಹೋಯಿತು. ಮಂಗಳವಾರ ಬೆಳಿಗ್ಗೆ, ಮಗುವಿನ ಕೈಹಿಡಿದು ಎಳೆದುಕೊಂಡು ಬರುವುದೇ ಸರಿ ಎಂದು ಶಲ್ಯ ಹೊದ್ದು ಹೊರಟೆ.

ಶಿಶುವಿಹಾರದ ಉಪಾಧ್ಯಾಯಿನಿ ಜಯಲಕ್ಷ್ಮಮ್ಮ ಎಂದು. ಮೈಸೂರಿನಲ್ಲಿ ತರಬೇತಿ ಪಡೆದು ಬಂದವರು, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನಾನು ಬಾಗಿಲಲ್ಲೇ ಕೂಗಾಡಿದೆ. ಅವರು ಪೂರ್ತಿ ಕೇಳಿ, ‘ಕರ್ಕೊಂಡು ಹೋಗಿ ಯಜಮಾನ್ರೇ, ನಿಮ್ಮ ಮಗು. ಆದ್ರೆ ಒಂದು ಗಂಟೆ ಸುಮ್ಮನೆ ಕೂತು ನೋಡಿ, ಆಮೇಲೆ ಕರ್ಕೊಂಡು ಹೋಗಿ’ ಎಂದು ಮಕ್ಕಳ ಕುಳ್ಳು ಮಣೆಯೊಂದನ್ನು ತಂದಿಟ್ಟರು. ಮೂವತ್ತೆರಡು ವರ್ಷ ಮರದ ಡಿಪೋದಲ್ಲಿ ದಿಮ್ಮಿ ಅಳೆದವನು ನಾನು, ಆ ಮಣೆಯ ಮೇಲೆ ಮಂಡಿ ಕಿವಿಗೆ ಬರುವಂತೆ ಕೂತೆ.

ಹಿತ್ತಲಲ್ಲಿ ಹೊಂಗೆಮರದ ಕೆಳಗೆ, ಲಕ್ಷ್ಮಣತೀರ್ಥದ ಮರಳು ಸುರಿದು ಒಂದು ಅಗಲವಾದ ಮಡಿ ಮಾಡಿದ್ದಾರೆ. ಒಂದು ಕಡೆ ಮಕ್ಕಳು ಹುಣಸೆಬೀಜ ಜೋಡಿಸುತ್ತಿದ್ದರು, ಇನ್ನೊಂದು ಕಡೆ ಜೇಡಿಮಣ್ಣು ಮಿದಿಯುತ್ತಿದ್ದರು. ಮಂಗಳಿ ಒಂದು ತೆಂಗಿನ ಕರಟ ಹಿಡಿದು ಮರಳು ತೋಡುತ್ತಿದ್ದಳು. ಗುಂಡಿ ಆಯಿತು. ಬಟ್ಟೆಯ ಬೊಂಬೆಯೊಂದನ್ನು ತಂದು ಅದರಲ್ಲಿ ಕೂರಿಸಿದಳು. ಮಲಗಿಸಲಿಲ್ಲ, ನಮ್ಮವರಲ್ಲಿ ಸಮಾಧಿ ಮಾಡುವ ಹಾಗೆ ಕಾಲು ಮಡಿಸಿ ಕೂರಿಸಿದಳು. ಸೀಮೆಸುಣ್ಣದ ಪುಡಿಯನ್ನು ವಿಭೂತಿಯ ಹಾಗೆ ಅದರ ಹಣೆಗೆ ಬಳಿದಳು, ಮೇಲೆ ಎರಡು ಎಲೆ ಹಾಕಿದಳು. ಸುತ್ತ ನಿಂತ ಮಕ್ಕಳಲ್ಲಿ ಒಂದು ಅಳುವ ಹಾಗೆ ಮಾಡಿತು. ಆಗ ನಮ್ಮ ಮಗು ಎದ್ದು ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ನನ್ನ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿತು: ‘ಯಾರೂ ಅಳ್ಬ್ಯಾಡಿ. ಅವ್ವ ಊರ್ಗೋಗವ್ಳೆ. ನಾಕ್ ದಿನಕ್ಕೆ ಬತ್ತಾಳೆ.’ ಹೇಳಿ, ಮರಳು ಮುಚ್ಚಿ, ಪಕ್ಕದಲ್ಲಿ ಕೂತುಕೊಂಡಿತು. ಬೇರೆ ಮಕ್ಕಳು ಚದುರಿ ಹೋದರೂ ಅವಳು ಏಳಲಿಲ್ಲ.

ನಂಜಮ್ಮಣ್ಣಿ, ಆ ಮಾತು ನನ್ನದು. ವೈಶಾಖದಲ್ಲಿ ನಿನ್ನ ಅತ್ತೆ ಶಿವನ ಪಾದ ಸೇರಿದಾಗ, ಅವಳನ್ನು ಅದೇ ಕಮಾನುಗಾಡಿಯಲ್ಲಿ ಗಾವಡಗೆರೆಯ ನಮ್ಮ ಹೊಲಕ್ಕೆ ಕರೆದೊಯ್ದೆವು. ಮಗು ಗುರುಮಲ್ಲನ ಹೆಗಲ ಮೇಲೆ ಕೂತು ಎಲ್ಲವನ್ನೂ ನೋಡಿತ್ತು. ಮನೆಗೆ ಬಂದು, ‘ಅಜ್ಜಿ ಎಲ್ಲಿ?’ ಎಂದಾಗ, ಅಳು ನುಂಗಿಕೊಂಡು, ‘ಅಜ್ಜಿ ಊರಿಗೆ ಹೋಗಿದ್ದಾಳೆ, ನಾಲ್ಕು ದಿನಕ್ಕೆ ಬರ್ತಾಳೆ’ ಎಂದವನು ನಾನು. ಮತ್ತೆ ಗೌರಿಹಬ್ಬದ ಮಾರನೆಯ ದಿನ ನಿನ್ನನ್ನು ಅದೇ ಗಾಡಿಯಲ್ಲಿ ಬಸ್ಸಿನವರೆಗೆ ಕರೆದುಕೊಂಡು ಹೋದಾಗಲೂ, ನೀನೂ ಅಜ್ಜಿಯ ಹಾಗೆಯೇ ಒರಗಿಕೊಂಡು ಕೂತಿದ್ದಾಗಲೂ, ಮಗು ಕೇಳುವ ಮುಂಚೆಯೇ ಅದೇ ಮಾತು ಹೇಳಿದೆ. ಅವಳು ಆಮೇಲೆ ಕೇಳಲೇ ಇಲ್ಲ. ಐದು ತಿಂಗಳು ಕೇಳಲಿಲ್ಲ. ಗಟ್ಟಿಗಿತ್ತಿ ಎಂದು ಬಂದವರ ಮುಂದೆಲ್ಲ ಹೊಗಳಿದೆವು. ಊರು ಎಂದರೆ ಎಲ್ಲಿ, ಅಲ್ಲಿಗೆ ಹೋದವರು ಏನಾಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು; ಅದಕ್ಕೆ ಕೇಳಲಿಲ್ಲ.

ಉಪಾಧ್ಯಾಯಿನಿ ನನ್ನ ಪಕ್ಕದಲ್ಲಿ ಬಂದು ನಿಂತು, ‘ತಾಯಿ ತೀರಿಕೊಂಡು ಎಷ್ಟು ತಿಂಗಳಾಯ್ತು? ನಿಮ್ಮನ್ನ ಕೇಳೋಕೆ ಧೈರ್ಯ ಬರ್ಲಿಲ್ಲ’ ಎಂದರು. ಅವರೂ ಹಾಗೆಯೇ ತಿಳಿದಿದ್ದರು. ನಾವು ಊರವರಿಗೆ, ಸೊಸೆ ಹೊಸ ಅಗ್ರಹಾರದ ತವರಿಗೆ ಹೋಗಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದೆವಲ್ಲ. ಅವರು ಅದನ್ನೂ ಮಗುವಿನ ಆಟವನ್ನೂ ಕೂಡಿಸಿ, ತವರಿನಲ್ಲೇ ಏನೋ ಆಗಿರಬೇಕು ಎಂದುಕೊಂಡಿದ್ದರು. ನಿಜ ಹೇಳಿದರೆ ಕ್ಷಯದ ಮನೆಯ ಮಗು ಎಂದು ಅಲ್ಲಿಂದಲೇ ಹೊರಕ್ಕೆ ಕಳಿಸುತ್ತಾರೆ. ನಾನು ಬಂದದ್ದೇ ಮಗುವನ್ನು ಬಿಡಿಸುವುದಕ್ಕೆ. ಆದರೆ ಆ ಒಂದು ಗಂಟೆಯಾದ ಮೇಲೆ, ಅವಳನ್ನು ಅಲ್ಲಿಂದ ತೆಗೆಯುವುದು ನನಗೇ ಬೇಡವಾಗಿತ್ತು. ಆ ಮರಳಿನ ಮಡಿಯಲ್ಲಲ್ಲದೆ ಬೇರೆಲ್ಲಿಯೂ ಅವಳು ಆ ದುಃಖವನ್ನು ಹೊರಕ್ಕೆ ಹಾಕಿರಲಿಲ್ಲವಲ್ಲ. ಆದರೂ ಹೇಳಿದೆ. ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ, ಇಂಥ ಕಾಯಿಲೆ ಎಂದೆ. ಆಕೆ ಹಿಂದಕ್ಕೆ ಸರಿಯಬಹುದೆಂದು ನೋಡಿದೆ. ಸರಿಯಲಿಲ್ಲ. ‘ಈಗ ಹುಷಾರಾಗ್ತಿದ್ದಾರಾ?’ ಎಂದು ಕೇಳಿದರು, ಮೊದಲು ಅದನ್ನೇ ಕೇಳಿದರು. ನಾನು ಶಲ್ಯದಲ್ಲಿ ಮುಖ ಒರೆಸಿಕೊಂಡೆ. ಆಮೇಲೆ, ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ಅವರು ಸರಿ ಎಂದರೆ ತಮ್ಮ ಅಡ್ಡಿ ಏನೂ ಇಲ್ಲ ಎಂದರು.

ಅಜ್ಜಿಯ ವಿಷಯದಲ್ಲೂ ಅದೇ ಸುಳ್ಳು ಹೇಳಿದ್ದನ್ನು ಅವರಿಗೆ ತಿಳಿಸಿ, ಈಗಲೇ ಮಗುವನ್ನು ಕೂರಿಸಿಕೊಂಡು ನಿಜ ಹೇಳಿಬಿಡುತ್ತೇನೆ ಎಂದು ಎದ್ದೆ. ಅವರು ತಡೆದರು. ‘ಮಾತು ಎರಡು ಸಲ ಕೊಟ್ಟಿದ್ದೀರಿ, ಬರೀ ಮಾತನ್ನ ಅವಳು ಇನ್ನು ನಂಬಲ್ಲ. ಅವಳ ಆಟ ನಿಲ್ಲಿಸಬೇಡಿ, ನೀವೇ ಆಟದೊಳಕ್ಕೆ ಬನ್ನಿ’ ಎಂದರು. ನನಗೆ ಅರ್ಥವಾಗಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ. ಆಟ ಆಡಿ ಐವತ್ತು ವರ್ಷವಾಗಿತ್ತು. ಕೊನೆಗೆ ನನಗೆ ಗೊತ್ತಿರುವುದು ಮರ ಒಂದೇ ಎಂದು ಡಿಪೋಗೆ ಹೋಗಿ, ಬಡಗಿ ಪೀರ್ ಸಾಬನ ಹತ್ತಿರ ತೇಗ, ಹೊನ್ನೆಯ ತುಂಡುಗಳನ್ನು ಕೇಳಿದೆ. ಯಾತಕ್ಕೆ ಎಂದ. ನಾಚಿಕೆ ಬಿಟ್ಟು ಹೇಳಿದೆ. ಅವನು ಒಂದೊಂದನ್ನೂ ಉಜ್ಜುಗೊರಡು ಹಾಕಿ ನಯಮಾಡಿ, ಅಂಚು ತೀಡಿ, ‘ಮಗೀನ ಕೈಗೆ ಸಿಬಿರು ಸಿಗ್ಬಾರ್ದು ಕಣ್ರೀ’ ಎನ್ನುತ್ತಾ ತನ್ನ ಅಂಗೈಯಲ್ಲಿ ಸವರಿ ನೋಡಿ ಚೀಲಕ್ಕೆ ಹಾಕಿದ. ನಡುವೆ ಡಾಕ್ಟರು ಮಗುವಿನ ಎದೆ, ಬೆನ್ನು ಎಲ್ಲ ನೋಡಿ ಏನೂ ಇಲ್ಲ ಎಂದು ಚೀಟಿ ಬರೆದುಕೊಟ್ಟರು; ಆ ಚೀಟಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ.

ಗುರುವಾರ ಚೀಲ ಹೊತ್ತು ಹೋದೆ. ಪಂಚೆ ಎತ್ತಿ ಕಟ್ಟಿ ಮರಳಿನಲ್ಲಿ ಕೂತೆ. ಮಂಗಳಿ ಆಗಲೇ ಗುಂಡಿ ಮುಚ್ಚಿ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ನೋಡಿ, ‘ನೀನ್ಯಾರಾಗ್ತೀಯ ತಾತ?’ ಎಂದಳು. ಅಲ್ಲಿ ಪ್ರತಿಯೊಬ್ಬರೂ ಯಾರಾದರೂ ಆಗಲೇಬೇಕಂತೆ. ‘ನಾನು ಬಸ್ಸು ಡ್ರೈವರು’ ಎಂದೆ. ಮರದ ತುಂಡುಗಳಿಂದ ಹಾದಿ ಹಾಕಿದೆ; ಒಂದು ಹಾದಿ ಗಾವಡಗೆರೆಗೆ, ಒಂದು ಬಿಳಿಕೆರೆ ಇಲವಾಲದ ಮೇಲೆ ಮೈಸೂರಿಗೆ. ಒಂದು ತುಂಡನ್ನು ಬಸ್ಸು ಮಾಡಿ, ಇದ್ದಿಲು ಗ್ಯಾಸಿನ ಬಸ್ಸಿನ ಹಾಗೆ ಕೆಮ್ಮುತ್ತಾ ಬುಸುಗುಟ್ಟುತ್ತಾ ತಳ್ಳಿದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು, ಹಿಂದಿನಿಂದ ತಳ್ಳಲು ಬಂದವು. ಜಾನ್ ಬೀ ಬಾಯಿಗೆ ಸೆರಗು ತುಂಬಿಕೊಂಡು ಕಂಬಕ್ಕೆ ಒರಗಿದಳು. ಮಂಗಳಿ ನಗಲಿಲ್ಲ, ಆದರೆ ಹತ್ತಿರ ಬಂದಳು.

ಗಾವಡಗೆರೆಯ ಹಾದಿಯ ಕೊನೆಯಲ್ಲಿ ಬಸ್ಸು ನಿಲ್ಲಿಸಿ, ‘ಇಲ್ಲಿ ಅಜ್ಜಿ ಇಳಿದ್ಲು’ ಎಂದೆ. ‘ಅಜ್ಜಿ ಸತ್ತೋದ್ಲು ಕಣವ್ವ. ತಾತ ಸುಳ್ಳು ಹೇಳಿದ್ದ. ಅವಳು ಇನ್ನು ಬರಾಕಿಲ್ಲ’ ಎಂದೆ. ಸತ್ತಳು ಎಂಬ ಮಾತನ್ನು ನಿನ್ನ ಅತ್ತೆಯ ವಿಷಯದಲ್ಲಿ ನಾನು ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು. ಮಗು ತಲೆಯಾಡಿಸಿತು, ನನಗಿಂತ ಮೊದಲೇ ಗೊತ್ತಿದ್ದವಳ ಹಾಗೆ. ‘ನಿಮ್ಮವ್ವ ಇಲ್ಲಿ ಇಳೀಲಿಲ್ಲ, ಅವಳು ಈ ಊರ್ಗೆ ಬರ್ಲೇ ಇಲ್ಲ’ ಎಂದೆ. ಅವಳು ನನ್ನ ಮುಖವನ್ನೇ ನೋಡಿ, ‘ಟಿಕೀಟು ಎಲ್ಲೀಗಂಟ ಇತ್ತು?’ ಎಂದಳು. ಮೈಸೂರಿಗೆ ಎಂದೆ. ಬಸ್ಸನ್ನು ಅವಳೇ ಹಿಡಿದು ಹಿಂದಕ್ಕೆ ತಿರುಗಿಸಿ, ಬಿಳಿಕೆರೆ, ಇಲವಾಲ ಎಲ್ಲಾ ದಾಟಿಸಿ, ಹಾದಿಯ ತುದಿಗೆ ತಂದು ನಿಲ್ಲಿಸಿದಳು. ‘ಅಲ್ಲಿ ಗುಂಡಿ ಐತಾ?’ ‘ಇಲ್ಲ ಕಣವ್ವ, ಮಂಚ ಐತೆ. ಆಸ್ಪತ್ರೆ.’ ಬಸ್ಸನ್ನು ಬಿಟ್ಟು, ಮರದ ಚೀಲವನ್ನು ನನ್ನ ಮುಂದಕ್ಕೆ ಎಳೆದಳು. ಆಮೇಲೆ, ‘ಮಂಚ ಮಾಡು’ ಎಂದಳು.

ಮಾಡಿದೆ. ಅಲ್ಲಿ ಇನ್ನೊಂದು ಬೆರಗು. ನಾನಿಟ್ಟ ತುಂಡು ನೋಡಿ, ‘ಇದು ಗಿಡ್ಡ. ಗಿಡ್ಡದು ಎಲ್ಡು ಇಕ್ಕು, ಒಂದು ಉದ್ದದ್ದಕ್ಕೆ ಸಮ ಆಯ್ತದೆ’ ಎಂದು ತಾನೇ ಎರಡು ತುಂಡು ಆರಿಸಿ, ಗೇಣಿನಲ್ಲಿ ಅಳೆದು ಜೋಡಿಸಿದಳು. ಡಿಪೋದಲ್ಲಿ ಹೊಸ ಗುಮಾಸ್ತರಿಗೆ ಅದನ್ನು ಹೇಳಿಕೊಡಲು ನನಗೆ ವಾರ ಹಿಡಿಯುತ್ತಿತ್ತು. ದಿನಾ ಸಂಜೆ ‘ಆಡ್ದೆ’ ಎನ್ನುತ್ತಿದ್ದಳಲ್ಲ, ಅದರಲ್ಲಿ ಇಷ್ಟಿತ್ತು. ಮಂಚವಾದ ಮೇಲೆ ಗುಂಡಿಯ ಹತ್ತಿರ ಹೋಗಿ, ಕರಟ ಬಿಟ್ಟು ಬರಿಗೈಯಲ್ಲಿ ಮರಳು ತೆಗೆದಳು. ಬೊಂಬೆಯನ್ನು ಎತ್ತಿ, ತಲೆ ಕೊಡವಿ, ಕಿವಿಯಲ್ಲಿದ್ದ ಮರಳನ್ನೂ ಬೆರಳಲ್ಲಿ ತೆಗೆದು, ತಂದು ಮಂಚದ ಮೇಲೆ ಮಲಗಿಸಿದಳು. ಪಕ್ಕದಲ್ಲಿ ಕೂತು, ಬೊಂಬೆಯ ಪರವಾಗಿ ತಾನೇ ಕೆಮ್ಮಿದಳು. ಅದು ನಿನ್ನದೇ ಕೆಮ್ಮು ತಾಯಿ, ಕೊನೆಯಲ್ಲಿ ಒಂದು ಸಣ್ಣ ಎಳೆತ ಇರುತ್ತದಲ್ಲ, ಅದೂ ಸೇರಿ. ಆಮೇಲೆ ನನ್ನ ಕಡೆ ತಿರುಗಿ, ‘ತಾತ, ಬದುಕಿರೋರು ತಾನೆ ಕೆಮ್ಮೋದು?’ ಎಂದಳು. ‘ಹೂಂ ಕಣವ್ವ, ಬದುಕಿರೋರೇ ಕೆಮ್ಮೋದು’ ಎಂದೆ.

ಅಂದು ಸಂಜೆ ಮನೆಗೆ ಬಂದವಳು ಹೊಸ್ತಿಲ ಮೇಲೆ ಕೂತು ಅಳಲು ಶುರು ಮಾಡಿದಳು. ‘ಅವ್ವ ಬೇಕು’ ಎಂದು. ಐದು ತಿಂಗಳದ್ದನ್ನೆಲ್ಲ ಸೇರಿಸಿ ಅತ್ತಳು. ಅಕ್ಕ ಗಾಬರಿಯಾಗಿ ಬೆಲ್ಲ ತಂದಳು, ಕರು ತೋರಿಸಿದಳು. ಅಳಲಿ ಬಿಡು ಎಂದೆ. ಮಗು ಅಳುವುದನ್ನು ಕೇಳಿ ಇಷ್ಟು ಹಗುರಾದದ್ದು ನನಗೆ ಹಿಂದೆಂದೂ ಇಲ್ಲ. ಅತ್ತು ಸಾಕಾಗಿ, ಎರಡು ತುತ್ತು ಮೊಸರನ್ನ ಹೆಚ್ಚಾಗಿಯೇ ಉಂಡು, ನನ್ನ ಪಂಚೆಯ ಚುಂಗು ಹಿಡಿದು ನಿದ್ದೆ ಹೋದಳು. ಅದಾದ ಮೇಲೆ ದಿನಕ್ಕೆ ಹತ್ತು ಸಲ ನಿನ್ನನ್ನು ಕೇಳುತ್ತಾಳೆ. ಅವ್ವನಿಗೆ ಅಲ್ಲಿ ಜಡೆ ಹಾಕೋರು ಯಾರು, ಅವ್ವನ ಮಂಚದ ಕೆಳಗೆ ಬೆಕ್ಕು ಇದೆಯಾ, ಅವ್ವ ರಾಗಿಹಿಟ್ಟು ತಿಂತಾಳಾ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ಸಂತೋಷವೂ ಆಗಿದೆ.

ನಿನ್ನ ಕಾಯಿಲೆಯ ವಿಷಯ ಊರಲ್ಲಿ ಹರಡದೆ ಇರಲಿಲ್ಲ. ಇಬ್ಬರು ತಾಯಂದಿರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಜಯಲಕ್ಷ್ಮಮ್ಮ ನನ್ನಿಂದ ಡಾಕ್ಟರ ಚೀಟಿ ತೆಗೆದುಕೊಂಡು ಅವರ ಮನೆಗೇ ಹೋಗಿ ಮಾತಾಡಿ ಬಂದರಂತೆ. ಆ ಮಾತಿಗೋ, ಮನೆಯಲ್ಲಿ ಮಕ್ಕಳ ರಂಪಾಟ ತಡೆಯಲಾರದೆಯೋ, ಈ ಸೋಮವಾರ ಇಬ್ಬರೂ ಕಳಿಸಿದ್ದಾರೆ. ಈಗ ಅಲ್ಲಿ ದಿನವೂ ಆಸ್ಪತ್ರೆ ಆಟ. ಜಾನ್ ಬೀಯನ್ನು ಮಲಗಿಸಿ ನಾಲಿಗೆ ತೋರಿಸು ಎನ್ನುತ್ತಾರೆ. ನನ್ನ ಹೆದರಿಕೆ ಅರ್ಧ ಹೋಯಿತು. ಇನ್ನರ್ಧ ನಿನ್ನ ಮುಂದೆ ಈ ತಪ್ಪು ಒಪ್ಪಿಕೊಳ್ಳುವುದಿತ್ತು, ಅದೂ ಈಗ ಮುಗಿಯಿತು. ಹಿರಿಯನೆಂದು ನೀನು ಏನೂ ಅನ್ನಲಾರೆ, ನನಗೆ ಗೊತ್ತು. ಮನಸ್ಸಿನಲ್ಲಿ ಬೈದುಕೋ, ಅದರಿಂದ ನನಗೆ ಒಳ್ಳೆಯದೇ.

ಅಕ್ಕ ಪುಟ್ಟಬಸಮ್ಮ ನಿನಗೆ ಕೋಡುಬಳೆ ಕಳಿಸಬಹುದೇ ಎಂದು ಕೇಳುತ್ತಿದ್ದಾಳೆ. ವೇಳೆಗೆ ಸರಿಯಾಗಿ ಮಲಗು, ಹಾಲು ಬಿಡಬೇಡ. ಶಿವನ ದಯೆಯಿಂದ ಯುಗಾದಿಯ ಬೇವುಬೆಲ್ಲವನ್ನು ನಮ್ಮ ಮನೆಯಲ್ಲೇ ತಿನ್ನುವಂತಾಗಲಿ, ನಿನ್ನ ಅರಿಶಿನ ಕುಂಕುಮ ನೂರು ಕಾಲ ಇರಲಿ.

ಇಂತು ನಿನ್ನ ಕ್ಷೇಮವನ್ನೇ ಬಯಸುವ,
ಮಾವ ಸಿದ್ದಮಲ್ಲಪ್ಪ

ಮರೆತೆ, ಮುಖ್ಯವಾದದ್ದೇ ಬಿಟ್ಟುಹೋಯಿತು. ಟಪಾಲು ಹೊರಡುವ ಹೊತ್ತಾಗಿದೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಮಂಗಳಿಯೂ ಅಲ್ಲಿಗೆ ಬರುತ್ತೇವೆ. ನಿಮ್ಮ ಡಾಕ್ಟರಿಗೆ ಬರೆದಿದ್ದೆ, ನಿನ್ನೆ ಒಪ್ಪಿಗೆ ಬಂತು. ಮಗುವನ್ನು ಒಳಕ್ಕೆ ಬಿಡುವುದಿಲ್ಲ. ತೋಟದ ಬೇಲಿಯ ಈಚೆ ನಿಂತು ನೋಡಬಹುದು, ನಿನ್ನನ್ನು ವರಾಂಡದ ಮೆಟ್ಟಿಲವರೆಗೆ ಬರಲು ಬಿಡುತ್ತಾರೆ. ಮುಟ್ಟುವ ಹಾಗಿಲ್ಲ ಎಂದು ಅವಳಿಗೆ ಹೇಳಿ ಒಪ್ಪಿಸಿದ್ದೇನೆ. ನಿನಗೆ ಒಂದು ಮಾತು. ನಾನು ಕಂಡೊಡನೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕಂಬದ ಮರೆಗೆ ಸರಿಯುವುದು ನಿನ್ನ ಅಭ್ಯಾಸ, ಮದುವೆಯಾಗಿ ಬಂದ ದಿನದಿಂದ ನೋಡಿದ್ದೇನೆ. ಭಾನುವಾರ ಹಾಗೆ ಮಾಡಬೇಡ ತಾಯಿ. ಸೆರಗು ಹಿಂದಕ್ಕೆ ಹಾಕಿ, ಬಿಸಿಲಿಗೆ ಬಂದು, ಮುಖ ಪೂರ್ತಿ ಕಾಣುವ ಹಾಗೆ ನಿಲ್ಲು. ಬೇಕಾದರೆ ನಾನು ಆ ಕಡೆ ತಿರುಗಿಕೊಂಡು ನಿಂತಿರುತ್ತೇನೆ.